ಹಳೆಯ ಕಾರಿನ ಪೆಟ್ರೋಲ್ ಟ್ಯಾಂಕ್: ಇಳಿಸುವುದು, ಕೂರಿಸುವುದು

ಪೆಟ್ರೋಲ್ ಟ್ಯಾಂಕ್: ಮೋಟಾರು ವಾಹನದ ಇಂಧನವನ್ನು ತುಂಬಿಡುವ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಪೆಟ್ಟಿಗೆ. ಇಷ್ಟಕ್ಕೇ ಬಿಟ್ಟರೆ ಅರ್ಧ ಹೇಳಿದಂತಾಗುತ್ತದೆ. ಹಳೆಯ ಕಾರಿನ ಟ್ಯಾಂಕು ಪೆಟ್ರೋಲನ್ನು ಹೊರಗೆ ಬಿಡುತ್ತದೆ, ಬಿಟ್ಟಷ್ಟೇ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಒಳಗೆ ಎಷ್ಟು ಉಳಿದಿದೆ ಎಂಬ ಲೆಕ್ಕವನ್ನು ಡ್ಯಾಶ್‌ಬೋರ್ಡಿನ ಮುಳ್ಳಿಗೆ ಮುಟ್ಟಿಸುತ್ತದೆ. ದುರಸ್ತಿ ಮಾಡಿದ ಟ್ಯಾಂಕು ಒಂದು ತೊಟ್ಟೂ ಸೋರದಿದ್ದರೂ ಕಾರು ನಡುದಾರಿಯಲ್ಲಿ ನಿಂತುಬಿಡುವುದುಂಟು. ಆಗ ತಪ್ಪು ಹೆಚ್ಚಾಗಿ ತಗಡಿನದ್ದಲ್ಲ, ಅದನ್ನು ಕೂರಿಸಿದ ರೀತಿಯದು.

ಬೆಂಗಳೂರಿನಿಂದ ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ ದಾಟಿ ಮೈಸೂರಿಗೆ ಹೋಗುವ ರಸ್ತೆಯಲ್ಲಿ ಈ ವಿಷಯಕ್ಕೆ ಬೇಕಾದದ್ದೆಲ್ಲ ಸಿಗುತ್ತದೆ. ಒಂದು ತುದಿಯಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳು, ಶಿವಾಜಿನಗರದ ಗುಜರಿ. ಇನ್ನೊಂದು ತುದಿಗೆ, ಶ್ರೀರಂಗಪಟ್ಟಣದ ಬಳಿ, ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳಿರುವ ‘ಪಯಣ’ ಮ್ಯೂಸಿಯಂ. ನಡುವೆ ಬಿಡದಿಯಲ್ಲಿ, 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಕಂಪನಿಯ ಕಾರ್ಖಾನೆ. ಆದರೆ ಈ ಸೀಮೆಯ ಹಳೆಯ ಕಾರುಗಳೆಲ್ಲ ಹೊರಗಿನಿಂದ ಬಂದವು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ದೇಶದಲ್ಲೇ ಮೋಟಾರು ಕಾರ್ಖಾನೆ ತೆರೆಯುವ ಯೋಜನೆ ರೂಪಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರ ಬೆನ್ನು ಹತ್ತಿದರು. ಕೊನೆಗೆ ಬೆಂಗಳೂರಿಗೆ ದಕ್ಕಿದ್ದು 1940ರ ವಿಮಾನ ಕಾರ್ಖಾನೆ, ಮುಂಬೈಗೆ ದಕ್ಕಿದ್ದು ಪ್ರೀಮಿಯರ್ ಆಟೊಮೊಬೈಲ್ಸ್. ಹೀಗಾಗಿ ಇಲ್ಲಿನ ಶೆಡ್ಡುಗಳಲ್ಲಿರುವುದು ಉತ್ತರಪಾರಾದ ಅಂಬಾಸಿಡರ್, ಮುಂಬೈಯ ಫಿಯಟ್ಟು ಮತ್ತು ಮಹೀಂದ್ರ ಜೀಪು, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಅಪರೂಪಕ್ಕೆ ಸಂಸ್ಥಾನದ ಕಾಲದ ಆಸ್ಟಿನ್, ಫೋರ್ಡುಗಳೂ ಉಂಟು.

ಎಲ್ಲಿರುತ್ತದೆ, ಏಕೆ

ಹೊಸ ಕಾರುಗಳಲ್ಲಿ ಟ್ಯಾಂಕು ಹೆಚ್ಚುಕಡಿಮೆ ಹಿಂದಿನ ಸೀಟಿನ ಅಡಿಗೇ ಇರುತ್ತದೆ. ಹಳೆಯವುಗಳಲ್ಲಿ ಹಾಗಲ್ಲ. ಪಂಪು ಇಲ್ಲದ ಕಾಲದಲ್ಲಿ ಪೆಟ್ರೋಲು ತಾನೇ ಇಳಿದು ಕಾರ್ಬ್ಯುರೇಟರಿಗೆ ಹೋಗಬೇಕಿತ್ತು, ಆದ್ದರಿಂದ ಟ್ಯಾಂಕು ಅದಕ್ಕಿಂತ ಎತ್ತರದಲ್ಲಿರಬೇಕಿತ್ತು. ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಅದು ಬಹುಕಾಲ ಮುಂದಿನ ಸೀಟಿನ ಕೆಳಗಿತ್ತು. ಕಡಿದಾದ ಏರಿನಲ್ಲಿ, ಅದರಲ್ಲೂ ಪೆಟ್ರೋಲು ಕಡಿಮೆಯಿದ್ದಾಗ, ಇಂಧನ ಮುಂದಕ್ಕೆ ಇಳಿಯುತ್ತಿರಲಿಲ್ಲ. ಚಾಲಕರು ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಗುಡ್ಡ ಹತ್ತಿಸುತ್ತಿದ್ದರು. ಮುಂದೆ ಬಂದ ಮಾಡೆಲ್ ಎ ಮತ್ತು ಆಸ್ಟಿನ್ ಸೆವೆನ್ನಿನ ಮೊದಲ ಮಾದರಿಗಳಲ್ಲಿ ಟ್ಯಾಂಕನ್ನು ವಿಂಡ್‌ಸ್ಕ್ರೀನಿನ ಮುಂದೆ, ಕುಳಿತವರ ಮೊಣಕಾಲಿನ ಎದುರಿಗೇ ಕೂರಿಸಿದ್ದರು. ಗುರುತ್ವದ ಲೆಕ್ಕಕ್ಕೆ ಅದು ಸರಿ, ಅಪಘಾತದ ಲೆಕ್ಕಕ್ಕೆ ಭಯಾನಕ.

ಮೆಕ್ಯಾನಿಕಲ್ ಪಂಪು, ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪುಗಳು ಬಂದ ಮೇಲೆ ಟ್ಯಾಂಕು ಹಿಂದಕ್ಕೆ ಸರಿಯಿತು. ಅಂಬಾಸಿಡರಿನ 54 ಲೀಟರಿನ ಟ್ಯಾಂಕು, ಪ್ರೀಮಿಯರ್ ಪದ್ಮಿನಿಯ 38 ಲೀಟರಿನದು ಎರಡೂ ಕಾರಿನ ಹಿಂಭಾಗದಲ್ಲಿವೆ. ಹೆರಾಲ್ಡಿನಲ್ಲಿ ಅದು ಡಿಕ್ಕಿಯ ಒಳಗೆ ಒಂದು ಪಕ್ಕಕ್ಕೆ ನಿಂತಿರುತ್ತದೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಸುಮಾರು 57 ಲೀಟರು ಹಿಡಿಯುವ ಟ್ಯಾಂಕು ಚಾಲಕನ ಸೀಟಿನಡಿಯ ತಗ್ಗಿನಲ್ಲಿದೆ. ಸೀಟಿನಡಿಗೇ ಟ್ಯಾಂಕು ಇಡುವ ಪದ್ಧತಿ ಮಹೀಂದ್ರ ಜೀಪುಗಳಿಗೂ ಬಂತು. ಮಾಗಡಿಯಿಂದ ಕಲ್ಯದ ಕಡೆಗೆ, ಕನಕಪುರದ ಕಲ್ಲುಕ್ವಾರಿಗಳ ಕಡೆಗೆ ಓಡಾಡಿದ ಜೀಪುಗಳಲ್ಲಿ ತುಕ್ಕು ಮೊದಲು ಹಿಡಿಯುವುದು ಟ್ಯಾಂಕಿನ ತಳಕ್ಕೆ. ತಗ್ಗಿನ ನೀರು ಹರಿದುಹೋಗಲೆಂದು ಇಟ್ಟ ತೂತು ಕೆಸರಿನಿಂದ ಮುಚ್ಚಿಕೊಂಡು, ಮಳೆಗಾಲವಿಡೀ ಟ್ಯಾಂಕು ನೀರಿನಲ್ಲೇ ಕೂತಿರುತ್ತದೆ. ಹೊಸ ಟ್ಯಾಂಕು ತರುವ ಮೊದಲು ಆ ತೂತಿಗೆ ಒಂದು ತಂತಿ ಹಾಕಿ ಕೆರೆದು ನೋಡುವುದು ಒಳ್ಳೆಯದು.

ಒಳಗೇನಿದೆ

ಅಂದಿನ ಟ್ಯಾಂಕುಗಳು ಸಾಮಾನ್ಯವಾಗಿ ಸೀಸ ಮತ್ತು ತವರದ ಲೇಪವಿದ್ದ ಉಕ್ಕಿನ ತಗಡಿನವು. ಎರಡು ತಟ್ಟೆಯಾಕಾರದ ಅರ್ಧಗಳನ್ನು ಅಂಚಿಗೆ ಅಂಚು ಹೊಂದಿಸಿ ಬೆಸೆದಿರುತ್ತಾರೆ. ಒಳಗೆ ಅಡ್ಡ ತಗಡುಗಳಿರುತ್ತವೆ. ತಿರುವಿನಲ್ಲಿ, ಬ್ರೇಕಿನಲ್ಲಿ ಪೆಟ್ರೋಲು ಒಂದೇ ಕಡೆಗೆ ನುಗ್ಗದಂತೆ ಅವು ತಡೆಯುತ್ತವೆ. ಹೀರುಪೈಪು ತಳದಿಂದ ಸ್ವಲ್ಪ ಮೇಲೆಯೇ ನಿಲ್ಲುತ್ತದೆ. ಅಡಿಯ ನೀರು, ಕಸ ಎಂಜಿನಿಗೆ ಹೋಗದಿರಲೆಂದು ಬಿಟ್ಟ ಜಾಗ ಅದು. ಕೆಲವು ಮೇಸ್ತ್ರಿಗಳು ‘ಪೂರ್ತಿ ಪೆಟ್ರೋಲು ಸಿಗಲಿ’ ಎಂದು ಈ ಪೈಪನ್ನು ಉದ್ದ ಮಾಡಿಬಿಡುತ್ತಾರೆ. ಅಲ್ಲಿಂದ ಮುಂದೆ ಕಾರ್ಬ್ಯುರೇಟರಿನ ಜೆಟ್ಟು ಬಿಚ್ಚಿ ತೊಳೆಯುವುದೇ ಕೆಲಸವಾಗುತ್ತದೆ.

ಇಳಿಸುವಾಗಿನ ಅಪಾಯ

ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯಕಾರಿ. ಪೆಟ್ರೋಲಿನ ಆವಿ ಗಾಳಿಯಲ್ಲಿ ಸುಮಾರು ಶೇ. 1.4ರಿಂದ 7.6ರಷ್ಟು ಬೆರೆತಾಗ ಮಾತ್ರ ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಇದಕ್ಕಿಂತ ದಟ್ಟವಾಗಿರುತ್ತದೆ. ಬರಿದು ಮಾಡಿ ಮುಚ್ಚಳ ತೆಗೆದಿಟ್ಟ ಟ್ಯಾಂಕಿನಲ್ಲಿ ಅದು ಸರಿಯಾಗಿ ಈ ಹದಕ್ಕೆ ಇಳಿದಿರುತ್ತದೆ. ಮೈನಸ್ 40 ಡಿಗ್ರಿಯ ಚಳಿಯಲ್ಲೂ ಪೆಟ್ರೋಲು ಹೊತ್ತಿಕೊಳ್ಳುವಷ್ಟು ಆವಿ ಬಿಡಬಲ್ಲದು ಎಂದ ಮೇಲೆ ರಾಮನಗರದ ಬೇಸಿಗೆಯ ಮಾತೇನು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಆದ್ದರಿಂದ ಗ್ಯಾರೇಜಿನ ಗುಂಡಿಯಲ್ಲಿ ಇಳಿದು ಕೂರುತ್ತದೆ. ಗುಂಡಿಯ ಮೇಲೆ ಕಾರು ನಿಲ್ಲಿಸಿ, ಬಲ್ಬು ಹಿಡಿದುಕೊಂಡು ಟ್ಯಾಂಕು ಬಿಚ್ಚುವುದಕ್ಕಿಂತ ಕೆಟ್ಟ ಕ್ರಮ ಇನ್ನೊಂದಿಲ್ಲ. ಬಯಲಿನಲ್ಲಿ, ಬ್ಯಾಟರಿಯ ಅರ್ತ್ ತಂತಿ ಕಳಚಿಟ್ಟು, ಡ್ರೈ ಪೌಡರ್ ಅಗ್ನಿಶಾಮಕವನ್ನು ಕೈಗೆಟುಕುವ ಹಾಗೆ ಇಟ್ಟುಕೊಂಡು ಮಾಡುವ ಕೆಲಸ ಇದು.

ಇಲ್ಲೊಂದು ಕಾನೂನಿನ ಮಾತೂ ಇದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಸಾಮಾನ್ಯವಾಗಿ ಪರವಾನಗಿ ಇಲ್ಲದೆ 30 ಲೀಟರಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ವಾಹನದ ಟ್ಯಾಂಕಿನಲ್ಲಿರುವ ಪೆಟ್ರೋಲಿಗೆ ವಿನಾಯಿತಿ ಇದೆ, ಕ್ಯಾನಿಗೆ ಇಳಿಸಿದ್ದಕ್ಕೆ ಮಿತಿ ಇದೆ.  ಮುಳ್ಳು ಕೆಳಗಿಳಿಯುವ ತನಕ ಕಾರು ಓಡಿಸಿ ಆಮೇಲೆ ಕೆಲಸಕ್ಕೆ ಕೈ ಹಾಕುವುದು ಎಲ್ಲ ರೀತಿಯಿಂದಲೂ ಸುಲಭ. ಲೀಟರಿಗೆ ಮುಕ್ಕಾಲು ಕಿಲೋ ತೂಗುವ ಪೆಟ್ರೋಲು 54 ಲೀಟರಿಗೆ ಸುಮಾರು 40 ಕಿಲೋ ಆಗುತ್ತದೆ. ಅಷ್ಟು ಭಾರ ಒಳಗೆ ತುಳುಕುತ್ತಿರುವಾಗ ಕೊನೆಯ ಬೋಲ್ಟು ಬಿಚ್ಚುವವನ ಕೈಬೆರಳುಗಳ ಗತಿಯನ್ನೂ ಯೋಚಿಸಬೇಕು.

ಬೆಸುಗೆಯ ಕೆಲಸವನ್ನು ರೇಡಿಯೇಟರ್ ದುರಸ್ತಿ ಮಾಡುವವರಿಗೆ ಕೊಡುವುದು ರೂಢಿ. ಅನುಭವಿಗಳು ಮೊದಲು ಸೋಪಿನ ಬಿಸಿನೀರಿನಿಂದ ಮತ್ತೆ ಮತ್ತೆ ತೊಳೆದು, ಬೆಸುಗೆಯ ಜಾಗವೊಂದನ್ನು ಬಿಟ್ಟು ಉಳಿದೆಲ್ಲ ನೀರು ತುಂಬಿಸಿ, ಆಮೇಲೆ ಕೆಲಸ ಶುರುಮಾಡುತ್ತಾರೆ. ನೀರು ತುಂಬಿದ ಕಡೆ ಆವಿಗೆ ಜಾಗವಿಲ್ಲ. ತುಕ್ಕು ತೆಗೆಯಲು ಸಣ್ಣ ಜಲ್ಲಿಯನ್ನೋ ಸರಪಳಿಯ ತುಂಡನ್ನೋ ಒಳಗೆ ಹಾಕಿ ಅಲುಗಾಡಿಸುವುದು ಹಳೆಯ ಪದ್ಧತಿ. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಕಬ್ಬಿಣದ ಸಲಾಕೆ ಇಳಿಬಿಟ್ಟು, ಬ್ಯಾಟರಿ ಚಾರ್ಜರಿನಿಂದ ವಿದ್ಯುತ್ ಹರಿಸುವುದು ಇನ್ನೊಂದು. ಇದರಲ್ಲಿ ಟ್ಯಾಂಕಿಗೆ ಋಣ ಧ್ರುವ, ಸಲಾಕೆಗೆ ಧನ ಧ್ರುವ. ಅದಲುಬದಲಾದರೆ ಟ್ಯಾಂಕೇ ಸವೆಯುತ್ತದೆ. ಜಲಜನಕ ಹೊರಬರುವುದರಿಂದ ಇದನ್ನೂ ಬಯಲಿನಲ್ಲೇ ಮಾಡಬೇಕು.

ಸೋರಿಕೆ ಪರೀಕ್ಷೆಗೆ ಕಂಪ್ರೆಸರಿನ ಗಾಳಿ ಹಿಡಿಯುವುದು ತಪ್ಪು. ಟೈರಿಗೆ ಹಿಡಿಸುವ ಒತ್ತಡಕ್ಕೆ ಟ್ಯಾಂಕಿನ ಚಪ್ಪಟೆ ಬದಿಗಳು ಉಬ್ಬಿ ಬೆಸುಗೆ ಬಿಟ್ಟುಕೊಳ್ಳುತ್ತದೆ. ಒಂದೆರಡು ಪೌಂಡು ಒತ್ತಡ, ಅಂಚಿಗೆಲ್ಲ ಸೋಪಿನ ನೊರೆ, ಅಷ್ಟು ಸಾಕು. ನೀರು ತುಂಬಿಸಿ ‘ಸೋರುತ್ತಿಲ್ಲ’ ಎಂದು ತೀರ್ಮಾನಿಸುವುದೂ ಸರಿಯಲ್ಲ, ನೀರು ದಾಟದ ಸಂದಿಯನ್ನು ಪೆಟ್ರೋಲು ದಾಟುತ್ತದೆ. ಬೆಸುಗೆಯ ಅಂಚಿಗೆ ಒಳಗಿನಿಂದ ಸೀಮೆಎಣ್ಣೆ ತಾಗಿಸಿಟ್ಟು, ಹೊರಗೆ ಸುಣ್ಣ ಬಳಿದು ರಾತ್ರಿಯೆಲ್ಲ ಬಿಟ್ಟರೆ ಸೋರುವ ಜಾಗದಲ್ಲಿ ಕಲೆ ಮೂಡುತ್ತದೆ.

ಕೂರಿಸುವ ಕ್ರಮ

ಟ್ಯಾಂಕನ್ನು ಮೇಲೆತ್ತಿದ ಮೇಲೆ ಕೈ ಹೋಗದ ಜಾಗಗಳನ್ನು ಮೊದಲೇ ಮುಗಿಸಬೇಕು. ಗಾಳಿಪೈಪು, ಪೆಟ್ರೋಲಿನ ಮಟ್ಟವನ್ನು ಮುಳ್ಳಿಗೆ ತಿಳಿಸುವ ಸೆಂಡರಿನ ತಂತಿ, ಅರ್ತ್ ತಂತಿ ಈ ಸಾಲಿನವು. ಟ್ಯಾಂಕು ಮತ್ತು ಚಾಸಿಯ ನಡುವೆ ಹಿಂದೆ ಫೆಲ್ಟಿನ ಪಟ್ಟಿ ಇಡುತ್ತಿದ್ದರು. ಫೆಲ್ಟು ನೀರು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಪಟ್ಟಿಯ ಅಚ್ಚಿನಲ್ಲೇ ತುಕ್ಕು ತಿಂದಿರುವುದನ್ನು ಬಹಳಷ್ಟು ಟ್ಯಾಂಕುಗಳಲ್ಲಿ ಕಾಣಬಹುದು. ಅದರ ಬದಲಿಗೆ ಪೆಟ್ರೋಲು ತಾಳುವ ರಬ್ಬರ್ ಪಟ್ಟಿ ವಾಸಿ. ಪಟ್ಟಿಯೇ ಇಲ್ಲದೆ ಲೋಹಕ್ಕೆ ಲೋಹ ತಾಗಿಸಿದರೆ, ಕೆಟ್ಟ ರಸ್ತೆಯ ಅದುರುವಿಕೆಗೆ ತಗಡು ಉಜ್ಜಿ ಉಜ್ಜಿ ತೂತಾಗುತ್ತದೆ.

ಬೋಲ್ಟುಗಳನ್ನು ಮೊದಲ ಸುತ್ತಿಗೇ ಬಿಗಿಯಬಾರದು. ಎಲ್ಲವನ್ನೂ ಸಡಿಲವಾಗಿ ಹಿಡಿಸಿ, ಪೆಟ್ರೋಲು ಹಾಕುವ ಕೊಳವೆ ಬಾಡಿಯ ತೂತಿಗೆ ನೇರವಾಗಿ ಬರುವಂತೆ ಟ್ಯಾಂಕನ್ನು ಸರಿಸಿ, ರಬ್ಬರ್ ಹೋಸು ಸೇರಿಸಿ, ಆಮೇಲೆ ಒಂದೊಂದಾಗಿ ಬಿಗಿಯುತ್ತ ಬರಬೇಕು. ಮೊದಲೇ ಬಿಗಿದ ಟ್ಯಾಂಕಿಗೆ ಕೊಳವೆಯನ್ನು ಎಳೆದು ಸೇರಿಸಿದರೆ ಆ ಎಳೆತವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ. ಒಂದು ವರ್ಷಕ್ಕೆ ಕೊಳವೆಯ ಬುಡದಲ್ಲಿ ಸೀಳು ಕಾಣಿಸಿಕೊಳ್ಳುತ್ತದೆ. ಪಟ್ಟಿಗಳಿಂದ ಹಿಡಿಸುವ ಟ್ಯಾಂಕನ್ನು ತುಂಬಿಸಿ ಒಂದಿಷ್ಟು ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು, ಏಕೆಂದರೆ ಭಾರಕ್ಕೆ ರಬ್ಬರು ಕುಗ್ಗಿರುತ್ತದೆ. ಸೈಲೆನ್ಸರ್ ಪೈಪು ಟ್ಯಾಂಕಿಗೆ ಹತ್ತಿರ ಬಾರದಂತೆ ನೋಡಿಕೊಳ್ಳುವುದು ಬೇರೆ ಹೇಳಬೇಕಾದ ಮಾತಲ್ಲ, ಆದರೂ ಗುಜರಿಯಿಂದ ತಂದ ಸೈಲೆನ್ಸರನ್ನು ಬಗ್ಗಿಸಿ ಹಾಕಿದ ಕಾರುಗಳಲ್ಲಿ ತಪ್ಪುವುದು ಇಲ್ಲೇ.

ಡೀಸೆಲ್ಲಿಗೆ ಬದಲಾಗಿ ಮತ್ತೆ ಪೆಟ್ರೋಲಿಗೆ ಮರಳುತ್ತಿರುವ ಅಂಬಾಸಿಡರ್, ಜೀಪುಗಳದ್ದು ಪ್ರತ್ಯೇಕ ಸಂಗತಿ. ಡೀಸೆಲ್ ಎಂಜಿನಿನ ಇಂಜೆಕ್ಟರುಗಳಿಂದ ಉಳಿದ ಎಣ್ಣೆ ಟ್ಯಾಂಕಿಗೆ ವಾಪಸು ಬರಬೇಕು. ಅದಕ್ಕಾಗಿ ಟ್ಯಾಂಕಿನ ಮೇಲ್ಭಾಗದಲ್ಲಿ ಇನ್ನೊಂದು ಪೈಪು ಕೂರಿಸಿರುತ್ತಾರೆ. ಎಂಜಿನು ಬದಲಿಸುವಾಗ ಈ ಪೈಪು ಮರೆತುಹೋಗಿ, ಬಾಯಿಗೆ ಬಟ್ಟೆ ತುರುಕಿಯೋ ರಬ್ಬರ್ ಕೊಳವೆ ಮಡಚಿ ಕಟ್ಟಿಯೋ ಬಿಟ್ಟಿರುತ್ತಾರೆ. ಹಿತ್ತಾಳೆಯ ಬಿರಡೆ ಹಾಕಿ ಬೆಸೆಯದ ಹೊರತು ಡಿಕ್ಕಿಯ ಪೆಟ್ರೋಲ್ ವಾಸನೆ ಹೋಗುವುದಿಲ್ಲ.

ಗಾಳಿಯ ದಾರಿ

ಎಳನೀರಿಗೆ ಒಂದೇ ಸಣ್ಣ ತೂತು ಮಾಡಿ ಬೋರಲು ಹಿಡಿದರೆ ನೀರು ತಡೆತಡೆದು ಬರುವ ಹಾಗೆ, ಗಾಳಿಯ ದಾರಿ ಮುಚ್ಚಿದ ಟ್ಯಾಂಕಿನಿಂದ ಪೆಟ್ರೋಲು ಸರಿಯಾಗಿ ಬರುವುದಿಲ್ಲ. ಕೆಲವು ಕಾರುಗಳಲ್ಲಿ ಈ ದಾರಿ ಮುಚ್ಚಳದಲ್ಲೇ ಇರುವ ಸೂಜಿಮೊನೆಯಷ್ಟು ತೂತು, ಕೆಲವಲ್ಲಿ ಬೇರೆಯೇ ಪೈಪು. ಹೊಸ ಕಾರಿನ ಬೀಗವಿರುವ ಮುಚ್ಚಳ ಹಾಕಿದಾಗ, ಹೊಸದಾಗಿ ಬಣ್ಣ ಹೊಡೆಸಿದಾಗ ಅದು ಮುಚ್ಚಿಹೋಗುತ್ತದೆ. ಲಕ್ಷಣ ಒಂದೇ: ಕಾರು ಮನೆಯಿಂದ ಚೆನ್ನಾಗಿ ಹೊರಟು, ಒಂದಷ್ಟು ದೂರ ಹೋಗಿ, ಪೆಟ್ರೋಲು ಮುಗಿದ ಹಾಗೆ ಕೆಮ್ಮಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತದೆ. ಪಂಪು, ಕಾಯಿಲ್, ಕಾರ್ಬ್ಯುರೇಟರ್ ಎಲ್ಲ ಬದಲಾಯಿಸಿದ ಮೇಲೂ ರೋಗ ಹೋಗದು. ನಿಂತ ಜಾಗದಲ್ಲೇ ಟ್ಯಾಂಕಿನ ಮುಚ್ಚಳ ತೆಗೆದು ‘ಸುಯ್’ ಎಂದು ಗಾಳಿ ಒಳಗೆ ನುಗ್ಗುವ ಸದ್ದು ಕೇಳಿಸಿದರೆ ರೋಗ ಸಿಕ್ಕಿತು ಎಂದೇ ಅರ್ಥ. ಬಲವಾದ ಎಲೆಕ್ಟ್ರಿಕ್ ಪಂಪು ಇದ್ದರೆ ಟ್ಯಾಂಕಿನ ಬದಿಗಳೇ ಒಳಕ್ಕೆ ಕುಸಿಯಬಹುದು.

ಟ್ಯಾಂಕನ್ನು ಕಂಠಮಟ್ಟ ತುಂಬಿಸಬಾರದು ಎನ್ನುವುದಕ್ಕೂ ಇಲ್ಲೇ ಕಾರಣವಿದೆ. ಬಂಕಿನ ನೆಲದಡಿಯ ತಂಪು ಪೆಟ್ರೋಲು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ 20 ಡಿಗ್ರಿ ಬಿಸಿಯಾದರೆ, 40 ಲೀಟರು ಇದ್ದದ್ದು ಮುಕ್ಕಾಲು ಲೀಟರಿನಷ್ಟು ಹಿಗ್ಗಿ ಈ ಗಾಳಿಯ ದಾರಿಯಿಂದಲೇ ಹೊರಗೆ ಚೆಲ್ಲುತ್ತದೆ.

ಮುಳ್ಳು ಹೇಳುವ ಸುಳ್ಳು

ಟ್ಯಾಂಕಿನ ಮೇಲೆ ಐದಾರು ಸ್ಕ್ರೂಗಳಲ್ಲಿ ಹಿಡಿದ ಬಿಲ್ಲೆಯಿಂದ ಒಳಕ್ಕೆ ಇಳಿದ ಸೆಂಡರಿನ ಕೈಗೆ ಫ್ಲೋಟ್ ಸಿಕ್ಕಿಸಿರುತ್ತಾರೆ. ಆ ಕೈ ಅಡ್ಡ ತಗಡಿಗೆ ತಾಗದಂತೆ ಒಂದೇ ದಿಕ್ಕಿನಲ್ಲಿ ಕೂರಬೇಕು; ಹಲವು ಟ್ಯಾಂಕುಗಳಲ್ಲಿ ಸ್ಕ್ರೂತೂತುಗಳ ಅಂತರವನ್ನು ಬೇಕೆಂದೇ ಅಸಮ ಮಾಡಿರುವುದು ಇದಕ್ಕೆ. ಒಳಗೆ ಹಾಕುವ ಮೊದಲು ತಂತಿ ಜೋಡಿಸಿ, ಫ್ಲೋಟನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ ಮುಳ್ಳು ಓಡುತ್ತದೆಯೇ ನೋಡಿಕೊಂಡರೆ ಆಮೇಲಿನ ಗೋಳು ತಪ್ಪುತ್ತದೆ. ಈ ಪರೀಕ್ಷೆ ಪೆಟ್ರೋಲಿನ ಕ್ಯಾನಿನಿಂದಲೂ ಟ್ಯಾಂಕಿನಿಂದಲೂ ದೂರದಲ್ಲಿ, ಒಣಗಿದ ಸೆಂಡರಿನಲ್ಲಿ ನಡೆಯಬೇಕು.

ಹೊಸ ಬಣ್ಣ ಬಳಿದ ಟ್ಯಾಂಕಿಗೆ ಅರ್ತ್ ಸಿಗುವುದಿಲ್ಲ. ಬಣ್ಣ, ರಬ್ಬರ್ ಪಟ್ಟಿ, ಗ್ಯಾಸ್ಕೆಟ್ ಎಲ್ಲವೂ ವಿದ್ಯುತ್ತನ್ನು ತಡೆಯುತ್ತವೆ. ಸ್ಮಿತ್ಸ್ ಕಂಪನಿಯ ಹಳೆಯ ಥಟ್ಟನೆ ಓಡುವ ಮುಳ್ಳುಗಳಲ್ಲಿ ಅರ್ತ್ ತಪ್ಪಿದರೆ ಟ್ಯಾಂಕು ಸದಾ ತುಂಬಿದಂತೆ ತೋರಿಸುತ್ತದೆ. ಆಮೇಲೆ ಬಂದ, ನಿಧಾನವಾಗಿ ಮೇಲೇರುವ ಮುಳ್ಳುಗಳಲ್ಲಿ ಸದಾ ಖಾಲಿ. ಎರಡನೆಯದು ಕಿರಿಕಿರಿ, ಮೊದಲನೆಯದು ಕಾರನ್ನು ನಡುರಸ್ತೆಯಲ್ಲಿ ನಿಲ್ಲಿಸುತ್ತದೆ. ಬಿಲ್ಲೆಯ ಒಂದು ಸ್ಕ್ರೂವಿನಿಂದ ಚಾಸಿಗೆ ಗೇಣುದ್ದದ ತಂತಿ ಎಳೆದರೆ ಎರಡೂ ತೀರುತ್ತವೆ.

ಎಥನಾಲ್ ಬಂದ ಮೇಲೆ

2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಪ್ರಧಾನಿ ನರೇಂದ್ರ ಮೋದಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. ಈ ಸೀಮೆಗೆ ಮದ್ಯಸಾರ ಬೆರೆತ ಪೆಟ್ರೋಲು ಹೊಸದೇನಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲೇ ಮಂಡ್ಯದ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಿಂದ ‘ಪವರ್ ಆಲ್ಕೊಹಾಲ್’ ಬರುತ್ತಿತ್ತು. 1948ರಲ್ಲಿ ಅದಕ್ಕಾಗಿ ಕೇಂದ್ರದ ಕಾಯ್ದೆಯೂ ಆಯಿತು. ಆದರೆ ಅಂಬಾಸಿಡರು, ಪದ್ಮಿನಿಗಳು ರೂಪುಗೊಂಡದ್ದು ಶುದ್ಧ ಪೆಟ್ರೋಲನ್ನು ಎದುರಿಗಿಟ್ಟುಕೊಂಡು.

ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದು ಅರಗು. ಅರಗನ್ನೇ ಶುದ್ಧಮಾಡಿ ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಶೆಲಾಕ್ ವಾರ್ನಿಷ್. ಹಿಂದಿನ ಮೆಕ್ಯಾನಿಕ್‌ಗಳು ಸೆಂಡರಿನ ಕಾರ್ಕ್ ಗ್ಯಾಸ್ಕೆಟ್ಟಿಗೆ, ಕಾರ್ಕಿನ ಫ್ಲೋಟಿಗೆ ಇದನ್ನೇ ಬಳಿಯುತ್ತಿದ್ದರು, ಏಕೆಂದರೆ ಪೆಟ್ರೋಲಿಗೆ ಅರಗು ಜಗ್ಗುವುದಿಲ್ಲ. ಸ್ಪಿರಿಟ್ಟಿಗೆ ಜಗ್ಗುತ್ತದೆ, ಎಥನಾಲ್ ಎಂದರೆ ಅದೇ ಸ್ಪಿರಿಟ್ಟು. ಈಗಿನ ಪೆಟ್ರೋಲಿನಲ್ಲಿ ಅರಗಿನ ಲೇಪ ಮೆತ್ತಗಾಗಿ ಬಿಡುತ್ತದೆ, ಕಾರ್ಕು ಪೆಟ್ರೋಲು ಹೀರಿ ಮುಳುಗುತ್ತದೆ, ಗ್ಯಾಸ್ಕೆಟ್ಟಿನ ಸುತ್ತ ತೇವ ಕಾಣುತ್ತದೆ. ಟ್ಯಾಂಕಿನೊಳಗೆ ಬಳಿದ ಹಳೆಯ ಸೀಲರು ಪದರ ಪದರವಾಗಿ ಏಳುತ್ತದೆ. ದಶಕಗಳಿಂದ ತಳದಲ್ಲಿ ಹೆಪ್ಪುಗಟ್ಟಿದ ಅಂಟು ಕರಗಿ ಫಿಲ್ಟರಿಗೆ ಬರುತ್ತದೆ. ಇದಕ್ಕೆಲ್ಲ ಮದ್ದು ದೊಡ್ಡದಲ್ಲ: ಕಾರ್ಕಿನ ಬದಲು ಎಥನಾಲ್ ತಾಳುವ ಗ್ಯಾಸ್ಕೆಟ್, ಹಿತ್ತಾಳೆಯ ಫ್ಲೋಟ್, ಎಸ್‌ಎಇ ಜೆ30 ಆರ್9 ಎಂದು ಮೈಮೇಲೆ ಅಚ್ಚಾದ ಹೋಸು. ಜೆ.ಸಿ. ರಸ್ತೆಯಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುವ ಯಾವುದೋ ಕಪ್ಪು ಕೊಳವೆಗೂ ಇದಕ್ಕೂ ನೋಟದಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಅಚ್ಚನ್ನು ಓದಿಯೇ ಕೊಳ್ಳಬೇಕು.

ನೀರಿನ ಕಾಟ ಇದಕ್ಕಿಂತ ಹಠಮಾರಿ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಅಂದರೆ ಹೀರುಪೈಪಿನ ಬಾಯಿಗೆ.

ಮೂಲ ಟ್ಯಾಂಕೋ, ಹೊಸದೋ

2021ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ, ಚಾಸಿ, ಬಾಡಿ ಅಥವಾ ಎಂಜಿನಿನಲ್ಲಿ ದೊಡ್ಡ ಮಾರ್ಪಾಡು ಆಗದ ವಾಹನಕ್ಕೆ ‘ವಿಎ’ ಸರಣಿಯ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಮೂಲ ಹಿಡಿಕೆಗಳಿಗೇ ಕೂರುವ ಹೊಸ ಟ್ಯಾಂಕು ಈ ನಿಯಮಕ್ಕೆ ಅಡ್ಡಬರುವಂಥದ್ದಲ್ಲ. ದೊಡ್ಡ ಟ್ಯಾಂಕು ಹಿಡಿಸಲೆಂದು ಡಿಕ್ಕಿಯ ತಳ ಕತ್ತರಿಸುವುದು ಬೇರೆ ವಿಷಯ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದಿನ ಒತ್ತೂ ಆದಷ್ಟು ಮೂಲ ಭಾಗ ಉಳಿಸುವ ಕಡೆಗೇ ಇದೆ. ತೂತುಬಿದ್ದ ಮೂಲ ಟ್ಯಾಂಕನ್ನು ಗುಜರಿಗೆ ಹಾಕದೆ ಶೆಡ್ಡಿನ ಅಟ್ಟದ ಮೇಲಿಡಲು ಇದೊಂದೇ ಕಾರಣ ಸಾಕು. ಸ್ಟೇನ್‌ಲೆಸ್ ಸ್ಟೀಲಿನ ಟ್ಯಾಂಕು ಮಾಡಿಸುವವರು ಹೆಚ್ಚುತ್ತಿದ್ದಾರೆ. ತುಕ್ಕಿನ ಮಟ್ಟಿಗೆ ಅದು ಒಳ್ಳೆಯದೇ, ಆದರೆ ಒಳಗಿನ ಅಡ್ಡ ತಗಡುಗಳನ್ನು ಬಿಟ್ಟು ಬರೀ ಡಬ್ಬಿ ಮಾಡಿಕೊಡುವ ಕಡೆ ಪೆಟ್ರೋಲು ಉಯ್ಯಾಲೆಯಾಡಿ ತಿರುವಿನಲ್ಲಿ ಎಂಜಿನು ತಡವರಿಸುತ್ತದೆ. ಆರ್ಡರು ಕೊಡುವಾಗಲೇ ಹಳೆಯ ಟ್ಯಾಂಕನ್ನು ಕುಯ್ದು ಒಳಗನ್ನು ತೋರಿಸುವ ಧೈರ್ಯ ಇಲ್ಲದಿದ್ದರೆ, ಅದನ್ನು ಅಲುಗಾಡಿಸಿ ಸದ್ದು ಕೇಳಿಸಿ, ಟಾರ್ಚು ಹಿಡಿದು ಬಾಯಿಯಿಂದ ಇಣುಕಿಸಿಯಾದರೂ ತಗಡುಗಳ ಜಾಗ ಗುರುತು ಮಾಡಿಕೊಡಬೇಕು.

ಕೂರಿಸಿದ ಮೇಲೆ ಮೊದಲು ಐದು ಲೀಟರು ಮಾತ್ರ ಹಾಕಿ, ಕೆಳಗೆ ರಟ್ಟು ಹಾಸಿ ರಾತ್ರಿ ಕಳೆಯಲು ಬಿಡಬೇಕು. ರಟ್ಟು ಒಣಗಿದ್ದರೆ ಮತ್ತೆ ಐದು ಲೀಟರು. ಹೀಗೆ ಐದೈದಾಗಿ ತುಂಬುತ್ತ ಮುಳ್ಳು ಎಲ್ಲಿ ನಿಂತಿತೆಂದು ಬರೆದಿಟ್ಟುಕೊಂಡರೆ ಆ ಕಾರಿಗೆಂದೇ ಒಂದು ಪಟ್ಟಿ ಸಿಗುತ್ತದೆ. ಹಳೆಯ ಮುಳ್ಳುಗಳು ಅರ್ಧಕ್ಕೆ ಬಂದ ಮೇಲೆ ಸರಸರನೆ ಇಳಿಯುವುದು ಆಗ ಗೊತ್ತಾಗುತ್ತದೆ. ಎಥನಾಲ್ ಇಲ್ಲದ ಕಾಲದಲ್ಲಿ ಟ್ಯಾಂಕು ತುಂಬಿಟ್ಟು ಕಾರು ನಿಲ್ಲಿಸಿದರೆ ತುಕ್ಕು ಹಿಡಿಯದು ಎನ್ನುತ್ತಿದ್ದರು. ವರ್ಷಕ್ಕೆರಡು ರ್‍ಯಾಲಿಗೆ ಮಾತ್ರ ಹೊರಡುವ ಕಾರಿಗೆ ಈಗ ಆ ಮಾತು ನಡೆಯುವುದಿಲ್ಲ: ಟ್ಯಾಂಕು ಬಸಿದು, ಒಣಗಿಸಿ, ಒಳಕ್ಕೆ ತೆಳ್ಳಗೆ ಎಣ್ಣೆ ಸವರಿಟ್ಟು, ಹೊರಡುವ ಹಿಂದಿನ ದಿನ ಹೊಸ ಪೆಟ್ರೋಲು ಹಾಕಿಕೊಳ್ಳುವುದು ಮೇಲು.